ಉಡಿಗೆ ಐದು ಕೈ

ಬೆಲ್ಲದ ಬಾಗೇವಾಡಿಯ ಚನ್ನವ್ವ ಇಡೀ ಜೀವಮಾನದಲ್ಲಿ ಹೆದರಿದ್ದು ಒಬ್ಬರಿಗೇ, ಅದೂ ಪ್ರೀತಿಯಿಂದ. ಅತ್ತೆಗೆ ಎದುರುತ್ತರ ಕೊಟ್ಟೇ ಬಾಳಿದವಳು ಅವಳು. ಗಂಡ ವೀರಪ್ಪನನ್ನು ಕಣ್ಸನ್ನೆಯಲ್ಲೇ ಎಬ್ಬಿಸಿ ಕೂರಿಸಿದವಳು. ಪಂಚಾಯಿತಿಯವರು ನೆವ ಹೇಳಲು ಬಾಗಿಲಿಗೆ ಬಂದರೆ ಅವರ ಬೆವರಿಳಿಸಿಯೇ ಕಳಿಸುತ್ತಿದ್ದಳು. ಅಂಥವಳು, ಹುಕ್ಕೇರಿ ಬಸ್ಸಿನಿಂದ ಸಂಘಮಿತ್ರಾ ಕಾಂಬಳೆ ಇಳಿದರೆಂದರೆ ಸಾಕು, ಕೂತಲ್ಲಿಂದ ಎದ್ದು ಸೆರಗು ಸರಿಮಾಡಿಕೊಂಡು ಶಾಲೆಯ ಹುಡುಗಿಯಂತೆ ನಿಂತುಬಿಡುತ್ತಿದ್ದಳು. ಆ ಸೀಮೆಯಲ್ಲಿ ಶಾಲೆ ಕಲಿಸುವ ಹೆಂಗಸರನ್ನು ಅಕ್ಕಾರು ಎನ್ನುತ್ತಾರೆ. ಸಂಘಮಿತ್ರಾ ಅಲ್ಲಿ ಯಾರಿಗೂ ಮಗ್ಗಿ ಕಲಿಸಿದವರಲ್ಲ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿನ ಬಡ ಹೆಂಗಸರ ಬಾಯಲ್ಲಿ ಅವರು ಅಕ್ಕಾರೇ.

ಅಕ್ಕಾರ ಕಥೆಯನ್ನು ಚನ್ನವ್ವ ಎಷ್ಟು ಜನರಿಗೆ ಹೇಳಿದ್ದಾಳೋ ಲೆಕ್ಕವಿಲ್ಲ. ಹುಕ್ಕೇರಿಯ ಬಾಜೂ ಒಂದು ಸಣ್ಣ ಹಳ್ಳಿ. ಅಪ್ಪ ಉದ್ದಪ್ಪ ಕಂಡವರ ಹೊಲದಲ್ಲಿ ದುಡಿಯುತ್ತಿದ್ದವನು. ಬುದ್ಧನ ದಾರಿ ಹಿಡಿದ ಮೇಲೆ ಹುಟ್ಟಿದ ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟ. ಊರಿನ ನಾಲಿಗೆಗೆ ಅದು ಹೊರಳದೆ ಸಂಗವ್ವ ಎಂದೇ ಕರೆದರು. ಆ ಸಂಗವ್ವ ಪುಣೆಯವರೆಗೆ ಹೋಗಿ ಅರ್ಥಶಾಸ್ತ್ರ ಓದಿ ಡಾಕ್ಟರೇಟು ತೆಗೆದುಕೊಂಡರು, ಅಲ್ಲೇ ಕಾಲೇಜಿನಲ್ಲಿ ದೊಡ್ಡ ಪಗಾರದ ಕೆಲಸ ಹಿಡಿದರು. ಅಷ್ಟಕ್ಕೆ ನಿಂತಿದ್ದರೆ ಊರವರು ಬೋರ್ಡು ಬರೆಸಿ ಚಪ್ಪಾಳೆ ತಟ್ಟಿ ಮರೆತುಬಿಡುತ್ತಿದ್ದರು. ಆದರೆ ತಾಯಿ ಸತ್ತ ವರ್ಷ ಅವರು ಕೆಲಸ ಬಿಟ್ಟು, ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ವಾಪಸು ಬಂದರು. ತಲೆ ಕೆಟ್ಟಿದೆ ಎಂದವರೇ ಹೆಚ್ಚು.

ಯಾಕೆ ಬಂದಿರಿ ಎಂದು ಚನ್ನವ್ವ ಒಮ್ಮೆ ಕೇಳಿದ್ದಳು. ಅಕ್ಕಾರು ತಮ್ಮ ತಾಯಿಯ ಸುದ್ದಿ ಹೇಳಿದರು. ಆ ತಾಯಿಗೆ ಸಂತೆಯಿಂದ ಒಂದು ಆಡು ತಂದು ಸಾಕಬೇಕೆಂದು ಬಹಳ ಆಸೆ ಇತ್ತಂತೆ. ಅಷ್ಟು ಸಣ್ಣ ದುಡ್ಡನ್ನು ನಂಬಿ ಕೊಡುವವರು ಜೀವಮಾನದಲ್ಲಿ ಒಬ್ಬರೂ ಸಿಗಲಿಲ್ಲವಂತೆ. ಮಗಳ ಪಗಾರ ಬರುವ ಹೊತ್ತಿಗೆ ಅವರಿಗೆ ಆಡಿನ ಹಿಂದೆ ಹೋಗುವ ಕಾಲೇ ಉಳಿದಿರಲಿಲ್ಲ. "ಅವ್ವಗ ಬಡತನ ಅಷ್ಟ ಇತ್ತು ಅಂತ ತಿಳಿದಿದ್ದೆ ಚನ್ನವ್ವಾ. ಖರೆ ಇದ್ದದ್ದು ಏನಂದ್ರ, ಆಕಿನ್ನ ಯಾರೂ ನಂಬಲಿಲ್ಲ" ಎಂದಿದ್ದರು. ಇಷ್ಟು ಓದಿದವರು ಇಷ್ಟೊಂದು ಸಣ್ಣ ಮಾತಿಗೆ ಬದುಕನ್ನೇ ಕೊಟ್ಟರಲ್ಲ ಎಂದು ಚನ್ನವ್ವನಿಗೆ ಅಂದು ಮೈ ಜುಮ್ಮೆಂದಿತ್ತು.

ಅಕ್ಕಾರು ತಂದ ಉಪಾಯ ಕೇಳಲು ಸರಳ. ಹೊಲವಿಲ್ಲದ, ಬಂಗಾರವಿಲ್ಲದ ಹೆಂಗಸರು ಐದೈದು ಮಂದಿ ಕೂಡಿ ಒಂದು ಗುಂಪಾಗಬೇಕು. ಒಬ್ಬಳಿಗೆ ಉಳಿದ ನಾಲ್ವರು ಜಾಮೀನು. ಸರದಿಯ ಮೇಲೆ ಒಬ್ಬೊಬ್ಬಳೂ ಸಾಲ ತೆಗೆದುಕೊಂಡು ಎಮ್ಮೆಯನ್ನೋ ಹೊಲಿಗೆ ಮಿಶಿನನ್ನೋ ತಂದು ದುಡಿದು ತೀರಿಸಬೇಕು. ಇವರ ಹತ್ತಿರ ಅಡವಿಡಲು ಏನಿದೆ ಎಂದು ಬ್ಯಾಂಕಿನವರು ನಕ್ಕಾಗ, ನಾಲ್ಕು ಮಂದಿ ಗೆಳತಿಯರಿದ್ದಾರೆ ಎಂದು ಅಕ್ಕಾರು ಮುಖಕ್ಕೆ ಹೊಡೆದಂತೆ ಹೇಳಿದರಂತೆ. ಬೆಲ್ಲದ ಬಾಗೇವಾಡಿಯ ಮೊದಲ ಗುಂಪಿಗೆ ಚನ್ನವ್ವನೇ ಹಿರೇಮಣಿ. ಲಿಂಗವಂತರ ಮನೆಯ ಅವಳು, ಕೇರಿಯ ರಾಯವ್ವ, ಪಕ್ಕದ ಮನೆಯ ಅಲ್ಲವ್ವ, ಮತ್ತಿಬ್ಬರು ಒಂದೇ ಜಮಖಾನದ ಮೇಲೆ ಕೂತದ್ದು ನೋಡಿ ಊರು ಮೂಗು ಮುರಿಯಿತು. ಚನ್ನವ್ವ ಸೊಪ್ಪು ಹಾಕಲಿಲ್ಲ.

ಆದರೆ ಮೊದಲ ವರ್ಷವೇ ಉಪಾಯ ಮುಗ್ಗರಿಸಿತು. ಸಾಲ ಹೆಂಗಸಿನ ಕೈಗೆ ಬಂದರೆ ಸಂಜೆಯೊಳಗೆ ಗಂಡಸಿನ ಜೇಬಿಗೆ ಇಳಿಯುತ್ತಿತ್ತು. ಬೈದರೂ ಅಷ್ಟೇ, ಕೈಮುಗಿದರೂ ಅಷ್ಟೇ. ಅಕ್ಕಾರು ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದ ಆ ದಿನಗಳಲ್ಲೇ ಚನ್ನವ್ವನ ನಾದಿನಿಯ ಕುಬಸ, ಅಂದರೆ ಸೀಮಂತ, ಬಂತು. ಅತ್ತೆ ಹುಬ್ಬು ಗಂಟಿಕ್ಕಿದರೂ ಕೇಳದೆ ಚನ್ನವ್ವ ಅಕ್ಕಾರನ್ನು ಕರೆದಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅವರು ಎಲ್ಲವನ್ನೂ ನೋಡಿದರು. ಬಸುರಿಯ ಸೆರಗಿನ ಮಡಿಲಿಗೆ ಐದು ಮಂದಿ ಹೆಂಗಸರು ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದರು. ತುಂಬಿದ ಉಡಿ ಹಿಡಿದುಕೊಂಡು ಅವಳು ಎದ್ದಾಗ, ಎದುರಿಗಿದ್ದ ಗಂಡ ತಾನಾಗಿಯೇ ಬದಿಗೆ ಸರಿದು ದಾರಿ ಬಿಟ್ಟ. ಅಕ್ಕಾರ ಕಣ್ಣು ಅಲ್ಲೇ ನೆಟ್ಟಿತು. ಆ ಉಡಿಯೊಳಗಿನದನ್ನು ಗಂಡ ತೆಗೆದುಕೊಳ್ಳಬಹುದೇ ಎಂದು ಪಿಸುಮಾತಿನಲ್ಲಿ ಕೇಳಿದರು. ಚನ್ನವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಉಡಿಗೆ ಬಿದ್ದದ್ದು ಹೆಂಗಸಿನದು, ಅದಕ್ಕೆ ಕೈಹಾಕುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂದಳು.

ಮುಂದಿನ ವಾರದಿಂದ ಸಾಲ ಯಾರ ಕೈಗೂ ಹೋಗಲಿಲ್ಲ, ಉಡಿಗೆ ಹೋಯಿತು. ಗುಂಪಿನ ನಾಲ್ವರು, ಜೊತೆಗೆ ಇನ್ನೊಬ್ಬಳು ಸೇರಿ ಐದು ಮಂದಿ ಹೆಂಗಸರು ಒಂದೊಂದು ಬೊಗಸೆ ಜೋಳ ಹಾಕಿ, ಅದರ ನಡುವೆ ಸಾಲದ ಲಕೋಟೆ ಇಟ್ಟು, ಅವಳನ್ನು ಮನೆಯ ಜಗಲಿಯವರೆಗೆ ಕಳಿಸಿ ಬರುವುದು. ಅಷ್ಟೇ. ಕುಡುಕ ಅಂದರೆ ಕುಡುಕ, ಜೂಜುಕೋರ ಅಂದರೆ ಜೂಜುಕೋರ, ಆ ಲಕೋಟೆಯನ್ನು ಒಬ್ಬನೂ ಮುಟ್ಟಲಿಲ್ಲ. ಬುದ್ಧನ ಮನೆಯವರಾಗಿ ಈ ಪದ್ಧತಿಗಳನ್ನೆಲ್ಲ ಮತ್ತೆ ಹೊತ್ತು ತಂದಿರಲ್ಲ ಎಂದು ಅಕ್ಕಾರ ಜೊತೆಯವರೇ ಜಗಳ ತೆಗೆದರು. ತುಂಬುವುದು ದೇವರಿಗಲ್ಲ, ಹೆಂಗಸಿಗೆ ಎಂದು ಅವರು ಅಂದುಬಿಟ್ಟರು. ಪುಣೆಯಲ್ಲಿ ಓದಿದ ಪುಸ್ತಕದಲ್ಲೆಲ್ಲ ಇಲ್ಲದ್ದನ್ನು, ಕಂಬಕ್ಕೆ ಒರಗಿ ಕೂತು, ತಮ್ಮದಲ್ಲದ ಒಂದು ಮನೆಯ ಕುಬಸದಲ್ಲಿ ಕಂಡುಕೊಂಡ ಆ ಕಣ್ಣು! ಚನ್ನವ್ವ ನೆನೆಸಿಕೊಂಡಾಗಲೆಲ್ಲ ಬೆರಗಾಗುತ್ತಿದ್ದಳು. ಅವಳು ಚಿಕ್ಕಂದಿನಿಂದ ನೂರಾರು ಉಡಿ ನೋಡಿದ್ದಳು. ಅದರೊಳಗೆ ಇಷ್ಟು ಬಲವಿದೆಯೆಂದು ಹೊಳೆದಿರಲಿಲ್ಲ.

ಆಮೇಲಿನ ವರ್ಷಗಳು ಹಬ್ಬದಂತೆ ಕಳೆದವು. ಅರಭಾವಿ, ಗೋಕಾಕ, ಮೂಡಲಗಿ ಎಂದು ಅಕ್ಕಾರ ಹಿಂದೆ ಚನ್ನವ್ವ ತಿರುಗದ ಊರಿಲ್ಲ. ಹೊಸ ಗುಂಪಿಗೆ ಉಡಿ ತುಂಬುವುದನ್ನು ಕಲಿಸುವವಳು ಅವಳೇ, ಮೊದಲ ಬೊಗಸೆ ಅವಳದೇ. ಅಕ್ಕಾರು ಮಾತ್ರ ಒಮ್ಮೆಯೂ ಜೋಳಕ್ಕೆ ಕೈ ಹಾಕುತ್ತಿರಲಿಲ್ಲ. ದುಡ್ಡಿನ ತೀರ್ಮಾನ ಗುಂಪಿನದು, ಹೊರಗಿನ ಕೈ ಅದರಲ್ಲಿ ಬೇಡ ಎನ್ನುತ್ತಿದ್ದರು. ಕಾಲು ಮುಟ್ಟಲು ಬಂದವರನ್ನು ಗದರುತ್ತಿದ್ದರು. ಸತ್ಕಾರಕ್ಕೆ ಕರೆದರೆ ಹಾರ ಹಾಕಿಸಿಕೊಳ್ಳುವ ಮೊದಲೇ ಭಾಷಣ ಮುಗಿಸಿ ಬಸ್ಸು ಹಿಡಿಯುತ್ತಿದ್ದರು. ಉಡಿಯ ಸಾಲದ ಸುದ್ದಿ ಪುಸ್ತಕವಾಯಿತು. ದೂರದೂರದ ವಿದ್ವಾಂಸರು ನೋಡಲು ಬಂದರು. ಈಗೀಗ ದುಡ್ಡು ನೇರ ಬ್ಯಾಂಕಿನ ಖಾತೆಗೇ ಹೋಗುತ್ತದೆ. ಆದರೂ ಐದು ಮಂದಿ ಉಡಿ ತುಂಬದ ಹೊರತು ಗುಂಪಿನ ಅಧ್ಯಕ್ಷೆ ಸಹಿ ಹಾಕುವುದಿಲ್ಲ.

ಇಷ್ಟೆಲ್ಲ ಸೊಗಸಿನ ನಡುವೆ ಒಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಕ್ಕಾರು ಹೇಳಿದ್ದು ಐದು ಮಂದಿ ಹೆಂಗಸರು ಎಂದು. ಉಡಿ ಎಂದ ಮೇಲೆ ಅದು ಗಂಡನುಳ್ಳವರದು, ತುಂಬುವವರೂ ಗಂಡನುಳ್ಳವರೇ, ತುಂಬಿಸಿಕೊಳ್ಳುವವಳೂ ಅಷ್ಟೇ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಗುಂಪಿನವಳೊಬ್ಬಳ ಗಂಡ ಸತ್ತರೆ ಯಾರೂ ಅವಳನ್ನು ಹೊರಗೆ ಹಾಕುತ್ತಿರಲಿಲ್ಲ, ಛೆ. ಮನೆಗೆ ಹೋಗಿ ಸಮಾಧಾನ ಹೇಳಿ, ಸೊಸೆಯ ಹೆಸರು ಬರೆಸಿಬಿಡು ಎನ್ನುತ್ತಿದ್ದರು. ಸೊಸೆ ಇಲ್ಲದವಳು ಸುಮ್ಮನೆ ಮನೆಯಲ್ಲಿ ಉಳಿಯುತ್ತಿದ್ದಳು. ಈ ಸಮಾಧಾನದ ಕೆಲಸಕ್ಕೆ ಚನ್ನವ್ವನೇ ಮುಂದು, ಅವಳ ಮಾತು ಮೆತ್ತಗೆ ಎಂದು.

ಒಂದು ಸಲ ಅಕ್ಕಾರು, ವಯಸ್ಸಾದ ಹೆಂಗಸರು ತಮ್ಮ ಸರದಿಯನ್ನು ಸೊಸೆಯರಿಗೆ ಬಿಡುವುದು ಕಾಣುತ್ತದಲ್ಲ, ಏಕೆ ಎಂದು ಕೇಳಿದ್ದರು. ಅದು ಹೊಸ ಗುಂಪೊಂದು ಉಡಿ ತುಂಬುತ್ತಿದ್ದ ಮನೆ. ಅಂಥ ಶುಭದ ಹೊತ್ತಿನಲ್ಲಿ ಗಂಡ ಸತ್ತವರೆಂಬ ಶಬ್ದವನ್ನು ಬಾಯಲ್ಲಿ ತರುವುದು ಹೇಗೆ? ಚನ್ನವ್ವ ನಕ್ಕು, ಹಿರಿಯರಿಗೆ ದೊಡ್ಡ ಮನಸ್ಸು, ಸಣ್ಣವರು ಮುಂದೆ ಬರಲಿ ಅಂತ ಬಿಟ್ಟುಕೊಡುತ್ತಾರೆ ಎಂದುಬಿಟ್ಟಳು. ಅಕ್ಕಾರ ಕಣ್ಣು ತುಂಬಿ ಬಂತು. ಬಡವರ ಈ ಔದಾರ್ಯವನ್ನು ಅವರು ಪುಸ್ತಕದಲ್ಲಿ ಒಂದು ಅಧ್ಯಾಯವಾಗಿಯೇ ಬರೆದರು. ಹೋದ ಸಭೆಯಲ್ಲೆಲ್ಲ ಅದನ್ನೇ ಹೇಳಿದರು. ಕೇಳಿದಾಗಲೆಲ್ಲ ಚನ್ನವ್ವನಿಗೆ ಒಳಗೊಳಗೇ ಚುರ್ ಎನ್ನುತ್ತಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತು ಮಾತ್ರ ಎಂದೂ ಬರಲಿಲ್ಲ.

ಈ ವರ್ಷ ವೀರಪ್ಪ ತೀರಿಕೊಂಡ.

ಅವನು ಹೋಗುವ ಮೊದಲೇ ಚನ್ನವ್ವನ ಸರದಿ ಗೊತ್ತಾಗಿತ್ತು. ಶಾವಿಗೆ ಮಿಶಿನ್ ತರುವುದೆಂದು ಅವಳು ನಿರ್ಧರಿಸಿದ್ದಳು. ಯಾವ ಮಿಶಿನ್, ಎಲ್ಲಿ ಇಡುವುದು, ಯಾರ ಮನೆಯ ಗೋಧಿ ಮೊದಲು ಒತ್ತುವುದು ಎಲ್ಲವೂ ಅವಳ ತಲೆಯಲ್ಲಿ ತಯಾರಿತ್ತು. ಗಂಡನ ದಿನಗಳು ಮುಗಿದ ಮೇಲೆ ಅಲ್ಲವ್ವ ಬಂದಳು. ಈಗ ಗುಂಪಿನ ಅಧ್ಯಕ್ಷೆ ಅವಳೇ. ಚನ್ನವ್ವನ ಕೈ ಹಿಡಿದು ಬಹಳ ಹೊತ್ತು ಕೂತಳು, ಕಣ್ಣೊರೆಸಿಕೊಂಡಳು. ಹೋಗುವಾಗ, ಭಾಗ್ಯಾಳ ಹೆಸರು ಬರೆಸಿಬಿಡೋಣ, ಒಂದೇ ಮನೆಯಲ್ಲವೇ ಎಂದಳು. ಸೊಸೆ ಭಾಗ್ಯಾ ಒಳ್ಳೆಯ ಹುಡುಗಿ. "ಅತ್ತೀ, ಉಡಿ ನಾ ತುಂಬಿಸ್ಕೊಂಡ್ರೂ ಮಿಶಿನ್ ನಿಮಗ ಕೊಡ್ತೀನ್ರಿ" ಎಂದು ಅವಳೂ ಧೈರ್ಯ ಹೇಳಿದಳು.

ಚನ್ನವ್ವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಕೊಡ್ತೀನಿ ಅಂದಳಲ್ಲ. ಕೊಟ್ಟರೆ ತೆಗೆದುಕೊಳ್ಳುವವಳಾದೆನಲ್ಲ ನಾನು. ಯಾರೂ ಒಂದು ಕೆಟ್ಟ ಮಾತು ಆಡಿರಲಿಲ್ಲ. ಜಗಳವಾಡೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಅಲ್ಲವ್ವ ಆಡಿದ ಒಂದೊಂದು ಮಾತೂ ಚನ್ನವ್ವನದೇ. ಅವಳೇ ಊರೂರಿಗೆ ಹೋಗಿ ಆಡಿ ಬಂದ ಮಾತು. ಅದು ಒಳಗಿನಿಂದ ಹೀಗಿರುತ್ತದೆಂದು ಈಗ ಗೊತ್ತಾಯಿತು. ಸರದಿಯನ್ನು ಕೇಳಿ ತೆಗೆದುಕೊಳ್ಳಬೇಕೆಂದರೆ ಅಕ್ಕಾರಿಗೆ ನಿಜ ಹೇಳಬೇಕು. ನಿಜ ಹೇಳಿದರೆ ಅಕ್ಕಾರ ಅಧ್ಯಾಯ ಸುಳ್ಳಾಗುತ್ತದೆ. ಎರಡರ ನಡುವೆ ಸಿಕ್ಕಿ ಅವಳಿಗೆ ಊಟ ಸೇರದಾಯಿತು.

ಉಡಿ ತುಂಬುವ ದಿನವೇ ಹೊರರಾಜ್ಯದ ಅಧ್ಯಯನ ತಂಡವೊಂದು ಜೀಪು ಮಾಡಿಕೊಂಡು ನೋಡಲು ಬಂತು. ಅಲ್ಲವ್ವನ ಮನೆಯ ಮುಂದೆ ಜಮಖಾನ ಹಾಸಿತ್ತು, ಒಳಗೆ ಹೋಳಿಗೆ ಬೇಯುತ್ತಿತ್ತು. ಭಾಗ್ಯಾ ಹೊಸ ಸೀರೆ ಉಟ್ಟು ನಡುವೆ ಕೂತಳು. ಚನ್ನವ್ವ ಹಿಂದೆ, ಗೋಡೆಯ ಬುಡದಲ್ಲಿ. ಅಕ್ಕಾರು ಬಂದವರೇ ಮೊದಲು ಅವಳ ಹತ್ತಿರ ಬಂದು ಕೈ ಹಿಡಿದರು; ವೀರಪ್ಪನ ಬಗ್ಗೆ ಎರಡು ಮಾತಾಡಿದರು. ಆಮೇಲೆ ಅತಿಥಿಗಳ ಕಡೆ ತಿರುಗಿ, ಮೊದಲು ಕನ್ನಡದಲ್ಲಿ, ಹಿಂದೆಯೇ ಅವರ ಭಾಷೆಯಲ್ಲಿ ಹೇಳತೊಡಗಿದರು: ಈಕೆ ನನ್ನ ಮೊದಲ ಜೊತೆಗಾರ್ತಿ, ನಾನು ಪುಸ್ತಕದಲ್ಲಿ ಬರೆದದ್ದನ್ನು ಇಂದು ನಿಮ್ಮ ಕಣ್ಣೆದುರೇ ಮಾಡುತ್ತಿದ್ದಾಳೆ, ತನ್ನ ಸರದಿಯನ್ನು ಸಂತೋಷದಿಂದ ಸೊಸೆಗೆ ಬಿಟ್ಟುಕೊಡುತ್ತಿದ್ದಾಳೆ. ಅವರ ದನಿಯಲ್ಲಿ ಅಷ್ಟು ಹೆಮ್ಮೆಯಿತ್ತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಚನ್ನವ್ವನಿಗೆ ಕೆನ್ನೆಗೆ ಬಿದ್ದಂತಾಯಿತು. ಗೋಡೆ ಹಿಡಿದು ಎದ್ದಳು.

"ಅಕ್ಕಾರ, ನಾ ಬಿಟ್ಟುಕೊಡಾಕತ್ತಿಲ್ರಿ. ನನ್ನ ಗಂಡ ಸತ್ತಾನ್ರಿ. ಅದಕ್ಕ ನನ್ನ ಉಡಿ ತುಂಬಂಗಿಲ್ಲ."

ಅಲ್ಲವ್ವ ನಾಲಿಗೆ ಕಚ್ಚಿಕೊಂಡಳು. ಶುಭದ ಜಮಖಾನದ ಮೇಲೆ ಆ ಮಾತು ಬಿದ್ದಾಗಿತ್ತು. ಚನ್ನವ್ವನಿಗೆ ಇನ್ನು ನಿಲ್ಲಿಸಲು ಆಗಲಿಲ್ಲ. ಯಾರೂ ಸಂತೋಷದಿಂದ ಬಿಟ್ಟುಕೊಟ್ಟವರಲ್ಲ, ಎಲ್ಲರೂ ಗಂಡ ಸತ್ತವರು, ದೊಡ್ಡ ಮನಸ್ಸು ಅಂತ ನಿಮಗೆ ಹೇಳಿದವಳು ನಾನು, ಆ ಮಾತು ಬಾಯಲ್ಲಿ ಬರಬಾರದೆಂದು ಹಾಗೆ ಹೇಳಿದೆ ಎಂದು ಒಂದೇ ಉಸಿರಿಗೆ ಎಲ್ಲ ಒದರಿದಳು. ಅಕ್ಕಾರು ಬೈಯಲಿ, ಎದ್ದು ಹೋಗಲಿ, ಏನಾದರೂ ಮಾಡಲಿ ಎಂದು ಕಾದಳು.

ಅಕ್ಕಾರು ಬೈಯಲಿಲ್ಲ. ಜಮಖಾನದ ಅಂಚಿಗೆ ಮೆಲ್ಲನೆ ಕೂತರು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಎಲ್ಲರೂ ತಲೆ ತಗ್ಗಿಸಿದರು. ಅಕ್ಕಾರ ಮುಖದ ಬಣ್ಣ ಇಳಿದದ್ದು ಚನ್ನವ್ವನಿಗೆ ಕಂಡಿತು. ಆಮೇಲೆ ಅವರು ಅತಿಥಿಗಳ ಕಡೆ ತಿರುಗಿ, ಇಲ್ಲಿಯವರಿಗೂ ತಿಳಿಯಲೆಂದು ಮೊದಲು ಕನ್ನಡದಲ್ಲೇ ಹೇಳಿದರು. "ನಾ ನಿಮಗ ಈಗ ಹೇಳಿದ್ದು ತಪ್ಪು. ಪುಸ್ತಕದಾಗ ಬರದದ್ದೂ ತಪ್ಪು. ನಂಬಿಕಿ ಸಿಗದವರಿಗೆ ನಂಬಿಕಿ ಕೊಡಾಕ ಬಂದಾಕಿ ನಾ, ಗಂಡ ಸತ್ತವರನ್ನ ನಾನ ಹೊರಗ ನಿಂದರಿಸೇನಿ. ಇದನ್ನ ಬರಕೋರಿ." ಅದನ್ನೇ ಅತಿಥಿಗಳ ಭಾಷೆಯಲ್ಲೂ ಹೇಳಿ, ಅವರು ಬರೆದುಕೊಳ್ಳುವುದನ್ನು ಅಕ್ಕಾರು ನೋಡುತ್ತ ಕೂತರು. ಯಾವ ಮಾತಿಗೆ ದೇಶವೆಲ್ಲ ಅವರನ್ನು ಹೊಗಳಿತ್ತೋ ಆ ಮಾತನ್ನು, ಮನೆಯೊಳಗೆ ಬರುವಾಗ ಚಪ್ಪಲಿ ಕಳಚುವಷ್ಟು ಸಲೀಸಾಗಿ ಕಳಚಿ ಇಟ್ಟಿದ್ದರು. ಇಷ್ಟು ವರ್ಷ ಚನ್ನವ್ವ ಅವರ ಬುದ್ಧಿಗೆ ಬೆರಗಾಗಿದ್ದಳು. ಅದಕ್ಕಿಂತ ದೊಡ್ಡದು ಅವರಲ್ಲಿದೆ ಎಂದು ಅಂದು ತಿಳಿಯಿತು.

ಇನ್ನು ಅಕ್ಕಾರೇ ಅಪ್ಪಣೆ ಕೊಡುತ್ತಾರೆ, ಉಡಿ ತುಂಬಿಬಿಡುತ್ತಾರೆ ಎಂದು ಚನ್ನವ್ವ ಅಂದುಕೊಂಡಳು. ಅವರು ಅಪ್ಪಣೆ ಕೊಡಲಿಲ್ಲ. ಯಾರು ತುಂಬುತ್ತೀರಿ ಎಂದು ಕೇಳಿದರು, ಅಷ್ಟೇ. ಭಾಗ್ಯಾ ಒಬ್ಬಳು ಎದ್ದು ಅತ್ತೆಯ ಬಾಜೂ ಬಂದು ನಿಂತಳು. ಬೇರೆ ಯಾರೂ ಅಲುಗಲಿಲ್ಲ.

ಕೊನೆಗೆ ಅಲ್ಲವ್ವ ಬಾಯಿಬಿಟ್ಟಳು. "ಐದು ಮಂದಿ ಹೆಂಗಸರು ತುಂಬಿದ್ರ ನಾ ಸಹಿ ಮಾಡ್ತೀನ್ರಿ ಅಕ್ಕಾರ, ತಪ್ಪಂಗಿಲ್ಲ. ಆದ್ರ ನನ್ನ ಕೈ ಕೇಳಬ್ಯಾಡ್ರಿ. ನನ್ನ ಕುಂಕುಮದ ಮ್ಯಾಲ ನನಗ ಅಂಜಿಕಿ ಐತಿ."

ಚನ್ನವ್ವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಕಳೆದ ವರ್ಷ ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಅನ್ನುತ್ತಿದ್ದಳು.

ಅಕ್ಕಾರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅತಿಥಿಗಳಿಗೆ ಹೋಳಿಗೆ ಬಡಿಸಿ ನೆರಳಲ್ಲಿ ಕೂರಿಸಿ ಎಂದರು. ಅವರ ಜೀಪನ್ನು ಕೇಳಿದರೋ, ಕೇಳದೆಯೇ ಹತ್ತಿದರೋ, ಯಾರಿಗೂ ಸರಿಯಾಗಿ ನೆನಪಿಲ್ಲ. ಐದು ಕೈ ಹುಡುಕೋಣ ನಡೆಯಿರಿ ಎಂದು ಚನ್ನವ್ವನನ್ನೂ ಭಾಗ್ಯಾಳನ್ನೂ ಹತ್ತಿಸಿಕೊಂಡರು. ಸಮಾಧಾನ ಹೇಳಿ ಮನೆಗೆ ಕಳಿಸಿದವರೆಲ್ಲ ಎಲ್ಲಿದ್ದಾರೆ ಎಂದು ಚನ್ನವ್ವನನ್ನೇ ಕೇಳಿದರು. ಅವಳಿಗೆ ಎಲ್ಲರ ಮನೆಯೂ ಗೊತ್ತಿತ್ತು.

ಘಟಪ್ರಭೆ ದಾಟಿ ಮೊದಲು ಗೋಕಾಕಕ್ಕೆ ಹೋದರು. ಅಲ್ಲಿಯ ಕರದಂಟಿನ ಅಂಗಡಿಯಲ್ಲಿ ಡಬ್ಬಿ ತುಂಬುವ ಮಾಯವ್ವ ಅವರನ್ನು ನೋಡಿ ಗಾಬರಿಯಾದಳು. ವಿಷಯ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ಆದರೆ ಮಗಳ ಮದುವೆ ಗಟ್ಟಿಯಾಗಿತ್ತು. ನಾಳೆ ಬೀಗರ ಕಿವಿಗೆ ಬಿದ್ದರೆ ಒಂದು ಮಾತಾಗುತ್ತದೆ, ತನ್ನನ್ನು ಬಿಟ್ಟುಬಿಡಿ ಎಂದು ಕೈಮುಗಿದಳು. ಅಕ್ಕಾರು ಒತ್ತಾಯ ಮಾಡಲಿಲ್ಲ. ಮಗಳ ಹೆಸರು ಕೇಳಿ, ತಲೆ ಸವರಿದೆನೆಂದು ಹೇಳು ಅಂದು ಬಂದರು. ಅರಭಾವಿಯ ತೋಟಗಾರಿಕೆ ಕಾಲೇಜಿನ ಸಸಿಗಳ ನಡುವೆ ಕೂತಿದ್ದ ತಂಗೆವ್ವ ಮಾತ್ರ ಪೂರ್ತಿ ಕೇಳುವ ಮೊದಲೇ ಎದ್ದಳು. ಇಷ್ಟು ವರ್ಷ ನಿಮಗೆ ದಾರಿ ಸಿಗಲಿಲ್ಲವೇ ಎಂದು ಚನ್ನವ್ವನನ್ನು ಚುಚ್ಚಿ, ಮಣ್ಣು ಮೆತ್ತಿದ ಕೈಯಲ್ಲೇ ಜೀಪು ಹತ್ತಿದಳು.

ಮೂಡಲಗಿಯ ದಾರಿಯಲ್ಲಿ ಎರಡೂ ಕಡೆ ಕಬ್ಬು. ಅಕ್ಕಾರು ಅದನ್ನು ನೋಡುತ್ತಲೇ ಮಾತಾಡಿದರು. "ನಿನ್ನ ಒಬ್ಬಾಕಿನ್ನ ಕೇಳಿ ನಾ ಒಂದು ಅಧ್ಯಾಯ ಬರದೆ. ಅವರ ಮನಿ ಬಾಗಿಲಿಗೆ ಹೋಗಿ ಒಂದ ಸಲ ಕೇಳಿದ್ರ ತಿಳೀತಿತ್ತು. ಹೋಗಲಿಲ್ಲ ನೋಡು. ಆ ಮಾತು ಕೇಳಾಕ ಅಷ್ಟ ಚಂದ ಇತ್ತು." ತಪ್ಪು ನಂದ್ರೀ ಎಂದು ಚನ್ನವ್ವ ಅನ್ನಹೋದಳು. ಅವರು ಕೈ ಎತ್ತಿ ತಡೆದರು. ಸ್ವಲ್ಪ ದೂರ ಹೋದ ಮೇಲೆ, ಮೊದಲ ಗುಂಪಿನಿಂದ ಹಾಗೆ ಹೊರಗುಳಿದ ರಾಯವ್ವ ಸಾಲ ತೆಗೆದುಕೊಂಡು ಏನು ಮಾಡಬೇಕೆಂದಿದ್ದಳು ಎಂದು ಕೇಳಿದರು. ಆಡು ತರಬೇಕೆಂದಿದ್ದಳು ಎಂದಳು ಚನ್ನವ್ವ. ಅಂದಮೇಲೆ ಅವಳಿಗೆ ಅಕ್ಕಾರ ತಾಯಿಯ ನೆನಪಾಯಿತು. ಅಕ್ಕಾರು ಮುಖವನ್ನು ಕಬ್ಬಿನ ಕಡೆ ತಿರುಗಿಸಿಕೊಂಡಿದ್ದರು. ಹೆಗಲು ಅಲುಗುತ್ತಿತ್ತು.

ರಾಯವ್ವ ಮಗ ಸ್ವಪ್ನಿಲ್‌ನ ಜೊತೆ ಮೂಡಲಗಿಯಲ್ಲೇ ಇದ್ದಳು. ಗಂಡ ಸತ್ತು ಸರದಿ ತಪ್ಪಿದ ಮೇಲೆ ಊರು ಬಿಟ್ಟು, ಇಲ್ಲಿ ಕಬ್ಬಿನ ಹೊಲದಲ್ಲಿ ದುಡಿದು ಅವನನ್ನು ಓದಿಸಿದ್ದಳು. ಅವನ ಹೆಂಡತಿ ಯಶೋಧರಾ ಸರಕಾರಿ ದವಾಖಾನೆಯಲ್ಲಿ ನರ್ಸು. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ. ರಾಯವ್ವ ಅಕ್ಕಾರಿಗೆ ಕುರ್ಚಿ ಹಾಕಿದಳು, ಚನ್ನವ್ವನ ಕಡೆ ನೋಡಲಿಲ್ಲ. ಅಕ್ಕಾರು ಕುರ್ಚಿಯಲ್ಲಿ ಕೂರದೆ ಅವಳೆದುರು ನೆಲದ ಮೇಲೆ ಕೂತು, ಎರಡೂ ಕೈ ಜೋಡಿಸಿದರು. ನಾನು ಕಟ್ಟಿದ ಪದ್ಧತಿಯೇ ನಿನ್ನನ್ನು ಹೊರಗೆ ಹಾಕಿತು, ಅದು ನನಗೆ ಇಂದು ತಿಳಿಯಿತು ಎಂದರು. ದೇಶ ತಿರುಗಿದ ಆ ಬಿಳಿಗೂದಲಿನ ತಲೆ ರಾಯವ್ವನ ಮುಂದೆ ಬಾಗಿದ್ದು ನೋಡಿ ಚನ್ನವ್ವನೂ ನೆಲಕ್ಕೆ ಕೂತಳು.

ರಾಯವ್ವ ಅಕ್ಕಾರ ಕೈ ಬಿಡಿಸಿ ಕೆಳಗಿಟ್ಟಳು. ಆಮೇಲೆ ಚನ್ನವ್ವನ ಕಡೆ ತಿರುಗಿದಳು.

"ಚನ್ನಕ್ಕಾ, ಅವತ್ತ ನೀ ಮನಿಗೆ ಬಂದಿ. ಚಾ ಕುಡದಿ. ಕೈ ಹಿಡಕೊಂಡು ಕಣ್ಣೀರ ಹಾಕಿದಿ. ನಮ್ಮ ಮನ್ಯಾಗ ಗಂಡ ಸತ್ತಾಕಿ ಅಂತ ಯಾರೂ ಬಾಜೂಕ ಇಡಂಗಿಲ್ಲ. ಆದ್ರ ನೀ ಹಾಂಗ ಅತ್ತದ್ದು ನೋಡಿ, ನಾ ಬಾಜೂಕ ಕುಂದರಬೇಕೇನೋ ಅಂತ ಕುಂತುಬಿಟ್ಟೆ. ಬೈದಿದ್ರ ತಿರುಗಿ ಬೈತಿದ್ದೆ. ಅಳಾವರಿಗೆ ಏನನ್ನೂದು?"

ಚನ್ನವ್ವನಿಗೆ ಅದು ಅರ್ಥವಾಯಿತು. ಮೊನ್ನೆ ಅಲ್ಲವ್ವ ಕೈ ಹಿಡಿದಾಗ ತನಗೂ ಬಾಯಿ ಬಂದಿರಲಿಲ್ಲವಲ್ಲ. ಈಗ ಅತ್ತರೆ ಅದೂ ತಪ್ಪಾಗುತ್ತದೆಂದು ತುಟಿ ಕಚ್ಚಿ ಹಿಡಿದಳು. "ನನ್ನ ಗಂಡನೂ ಹೋದ ರಾಯವ್ವಾ. ನನ್ನ ಉಡಿ ತುಂಬಾವರು ಯಾರೂ ಇಲ್ಲ. ನಿನ್ನ ಹತ್ರ ಬಂದೇನಿ" ಎಂದಳು.

ರಾಯವ್ವ ಅವಳನ್ನು ದಿಟ್ಟಿಸಿ ನೋಡಿದಳು. ಇಲ್ಲ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಜೀಪು ಖಾಲಿ ಹಿಂದಿರುಗುತ್ತದೆ, ಭಾಗ್ಯಾಳ ಹೆಸರು ಉಳಿಯುತ್ತದೆ, ಚನ್ನವ್ವ ಉಳಿದ ಕಾಲ ಗೋಡೆಯ ಬುಡದಲ್ಲಿ. ರಾಯವ್ವ ಎದ್ದು ಒಳಗೆ ಹೋದಳು. ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು. ಮೊರದ ತುಂಬ ಜೋಳ ತಂದು ಚನ್ನವ್ವನ ಮುಂದೆ ಕುಕ್ಕಿದಳು. ಹಿಂದೆಯೇ ಯಶೋಧರಾ, ದವಾಖಾನೆಯ ಬಿಳಿ ಕೋಟು ಕಳಚುತ್ತ ಬಂದಳು.

"ಹಿಡಿ ಸೆರಗು" ಎಂದಳು ರಾಯವ್ವ.

ಮೊದಲ ಬೊಗಸೆ ಅವಳದೇ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಾಳು ಉಡಿಗೆ ಬಡಿದಂತೆ ಬಿತ್ತು. ಆಮೇಲೆ ಭಾಗ್ಯಾ ಹಾಕಿದಳು, ಕಣ್ಣು ಮುಚ್ಚಿಕೊಂಡು. ತಂಗೆವ್ವ ಹಾಕುವಾಗ ಬೆರಳ ಸಂದಿನ ತೋಟದ ಮಣ್ಣೂ ಒಂದಿಷ್ಟು ಜೋಳದ ಜೊತೆ ಬಿತ್ತು. ಯಶೋಧರಾ ನಾಲ್ಕನೆಯವಳು. ಇಷ್ಟು ವರ್ಷ ಬೇರೆಯವರ ಉಡಿ ತುಂಬಿದ ಚನ್ನವ್ವನಿಗೆ ಕಾಳಿನ ಭಾರ ತೊಡೆಯ ಮೇಲೆ ಇಷ್ಟು ಬೆಚ್ಚಗೆ ಕೂರುತ್ತದೆಂಬುದು ಮರೆತೇ ಹೋಗಿತ್ತು.

ಐದನೆಯ ಕೈ ಇರಲಿಲ್ಲ. ರಾಯವ್ವ ಮೊರವನ್ನು ಅಕ್ಕಾರ ಮುಂದೆ ಹಿಡಿದಳು.

ಅಕ್ಕಾರು ಹಿಂದೆ ಸರಿದರು. ಗುಂಪಿಗೆ ಹೊರಗಿನ ಕೈ ಬೇಡವೆಂದು ಅಷ್ಟು ವರ್ಷ ಹೇಳಿದವರು. ಆದರೆ ಅವರ ಬಾಯಿಂದ ಬಂದದ್ದು ಆ ಮಾತಲ್ಲ. "ನಾ ಮದುವಿ ಆದಾಕಿ ಅಲ್ಲ ರಾಯವ್ವಾ. ಯಾರೂ ನನ್ನ ಉಡಿ ತುಂಬಿಲ್ಲ, ನಾನೂ ಯಾರದೂ ತುಂಬಿಲ್ಲ" ಎಂದರು. ಅವರ ದನಿ ಸಣ್ಣದಾಗಿತ್ತು. ಅಂದು ನಾದಿನಿಯ ಕುಬಸದಲ್ಲಿ ಅಕ್ಕಾರು ಕಂಬಕ್ಕೆ ಒರಗಿ ಕೂತದ್ದು, ನೋಡಿ ಕಲಿಯಲಿಕ್ಕೆ ಮಾತ್ರವಲ್ಲ, ಯಾರೂ ನಡುವೆ ಬಾ ಎಂದಿರಲಿಲ್ಲ ಎಂಬುದು ಚನ್ನವ್ವನ ತಲೆಗೆ ಈಗ ಹೋಯಿತು. ಕರೆದವಳು ತಾನೇ, ಕಂಬದ ಹತ್ತಿರ ಮಣೆ ಹಾಕಿದವಳೂ ತಾನೇ.

"ಅದನ್ನ ಇಲ್ಲಿ ಯಾರ ಕೇಳ್ಯಾರ್ರೀ?" ಎಂದಳು ರಾಯವ್ವ. "ಹಾಕ್ರಿ."

ಅಕ್ಕಾರು ರೂಢಿಯಿಲ್ಲದ ಕೈಯನ್ನು ಮೊರಕ್ಕೆ ಹಾಕಿದರು. ಬೊಗಸೆಯಿಂದ ಅರ್ಧ ಜೋಳ ನೆಲಕ್ಕೆ ಚೆಲ್ಲಿತು, ಅರ್ಧ ಉಡಿಗೆ ಬಿತ್ತು. ಮಗುವಿನ ಹಾಗೆ ಅವರು ನೆಲದ ಕಾಳನ್ನು ಆರಿಸತೊಡಗಿದರು, ಒಂದೂ ಬಿಡದೆ ಆರಿಸಿ ಚನ್ನವ್ವನ ಸೆರಗಿಗೆ ಹಾಕಿದರು. ಚನ್ನವ್ವ ಅಳು ತಡೆಯಲಿಲ್ಲ. ಈ ಸಲ ಯಾರೂ ಅವಳಿಗೆ ಸಮಾಧಾನ ಹೇಳಲಿಲ್ಲ.

ತುಂಬಿದ ಉಡಿಯನ್ನು ಎತ್ತಿ ಕಟ್ಟಿಕೊಂಡು ಅವಳು ಎದ್ದಳು. ಹೊರಗೆ ಜೀಪಿನವನು ಹೊತ್ತಾಯಿತೆಂದು ಹಾರ್ನು ಹೊಡೆಯುತ್ತಿದ್ದ. ಚನ್ನವ್ವ ಬಾಗಿಲ ಕಡೆ ಹೋಗಲಿಲ್ಲ. ರಾಯವ್ವನ ಕೈಯಿಂದ ಮೊರ ತೆಗೆದುಕೊಂಡಳು.

"ಈಗ ನೀ ಕುಂದರು."

ಈ ವಯಸ್ಸಿನಲ್ಲಿ ತನಗೇಕೆ ಇದೆಲ್ಲ ಎಂದು ರಾಯವ್ವ ಗೊಣಗಿದಳು. ಕೆಲಸವಿದೆ ಎಂದಳು, ಒಲೆಯ ಮೇಲೆ ಸಾರಿದೆ ಎಂದಳು. ಹಾಗೆ ಗೊಣಗುತ್ತಲೇ ಚನ್ನವ್ವ ಎದ್ದ ಜಾಗದಲ್ಲಿ ಕೂತು, ಸೆರಗು ಹರವಿ ಎರಡೂ ಕೈಯಲ್ಲಿ ಹಿಡಿದಳು.